ಮಾಗಿಯ ಮೇಜು

ಕಳೆದ ಡಿಸೆಂಬರಿನ ಕೊನೆಯ ಭಾನುವಾರ ನಮ್ಮ ಬಡಾವಣೆಯ ಹೆಂಗಸರು ‘ಊಟದ ಮೇಜಿನ ಅಲಂಕಾರ’ ಎಂಬ ಸ್ಪರ್ಧೆಯೊಂದನ್ನು ಇಟ್ಟುಕೊಂಡಿದ್ದರು. ತೀರ್ಪು ಹೇಳಲು ನನ್ನನ್ನು ಕರೆದರು. ನನಗೇನು ಅರ್ಹತೆ ಎಂದು ಕೇಳಿದೆ. ‘ನಿಮ್ಮ ಮನೇಲಿ ಹಳೇ ಪಾತ್ರೆ ತುಂಬಾ ಇವೆಯಲ್ಲ ಆಂಟಿ’ ಎಂದರು. ಯಲಹಂಕ ಉಪನಗರದಲ್ಲಿ 1987ರಿಂದ ಇದ್ದೇನೆ. ಹಳೆಯ ಪಾತ್ರೆಗಳ ಜೊತೆಗೆ ನಾನೂ ಒಂದು ಹಳೆಯ ಪಾತ್ರೆ ಎಂದುಕೊಂಡು ಒಪ್ಪಿದೆ.

ಕೈಗೆ ಅಂಕಪಟ್ಟಿ ಕೊಟ್ಟರು. ಬಣ್ಣದ ಹೊಂದಾಣಿಕೆಗೆ 25, ಸಮತೋಲಕ್ಕೆ 25, ಹೊಸತನಕ್ಕೆ 25, ಅಚ್ಚುಕಟ್ಟಿಗೆ 25. ಅಲ್ಲಿಗೆ ನೂರು ಮುಗಿಯಿತು. ಊಟಕ್ಕೆ ಅಂಕವಿರಲಿಲ್ಲ. ಉಣ್ಣುವವರಿಗೂ ಇರಲಿಲ್ಲ.

ಸಮುದಾಯ ಭವನದಲ್ಲಿ ಶಾಮಿಯಾನದವರಿಂದ ತರಿಸಿದ ಏಳು ಮೇಜುಗಳು. ಮೊದಲನೆಯದರ ಮೇಲೆ ಬಿಳಿಯ ಬಟ್ಟೆ, ನಡುವೆ ಎರಡಡಿ ಎತ್ತರದ ಗಾಜಿನ ಹೂದಾನಿ, ಅದರ ತುಂಬ ಉದ್ದ ದಂಟಿನ ಕೆಂಪು ಗುಲಾಬಿ. ಆರು ಜನರ ಡಿನ್ನರ್ ಸೆಟ್ಟು, ಒಂದೊಂದು ತಟ್ಟೆಯ ಮೇಲೂ ತಾವರೆಯಂತೆ ಮಡಿಸಿಟ್ಟ ಬಟ್ಟೆ. ನೋಡಿದವರೆಲ್ಲ ಆಹಾ ಎಂದರು. ನಾನೂ ಎಂದೆ. ಆಮೇಲೆ ಕುರ್ಚಿ ಎಳೆದು ಕುಳಿತೆ. ನನ್ನ ಜೊತೆಯ ತೀರ್ಪುಗಾರರು, ನಿವೃತ್ತ ಚಿತ್ರಕಲಾ ಮೇಷ್ಟರು, ಎದುರಿಗೆ ಕುಳಿತರು. ಕುಳಿತರೆಂದು ಕುರ್ಚಿಯ ಸದ್ದಿನಿಂದ ಗೊತ್ತಾಯಿತು. ಗುಲಾಬಿಗಳ ಹಿಂದಿನಿಂದ ‘ಚೆನ್ನಾಗಿದೆಯಲ್ಲವೇ?’ ಎಂಬ ಅಶರೀರವಾಣಿ ಬಂತು.

ಆ ಮೇಜಿಗೇ ಮೊದಲ ಬಹುಮಾನ ಬಂತು. ಕೊಟ್ಟವರಲ್ಲಿ ನಾನೂ ಒಬ್ಬಳು. ಅಂಕಪಟ್ಟಿಯ ಪ್ರಕಾರ ಅದು ನ್ಯಾಯವೇ. ಆದರೆ ತೀರ್ಪು ಕೊಟ್ಟು ಮನೆಗೆ ಬಂದ ಮೇಲೆ ತೀರ್ಪು ನನ್ನನ್ನು ಬಿಡಲಿಲ್ಲ. ಈ ಬರಹ ಆ ತೀರ್ಪಿನ ಮೇಲ್ಮನವಿ.

ನಮ್ಮ ಹಿರಿಯರಿಗೆ ಊಟದ ಮೇಜು ಇರಲಿಲ್ಲ. ಊಟದ ಅಲಂಕಾರ ಮಾತ್ರ ಧಾರಾಳವಾಗಿ ಇತ್ತು. ನೆಲ ಸಾರಿಸಿ, ಎಲೆಯ ಮುಂದೆ ಎರಡೆಳೆ ರಂಗೋಲಿ ಎಳೆದು, ಎಲೆಗೆ ನೀರು ಚಿಮುಕಿಸಿ ಬಡಿಸಲು ಶುರುಮಾಡಿದರೆ ಚಿತ್ರ ತಾನಾಗಿಯೇ ಮೂಡುತ್ತಿತ್ತು. ಉಪ್ಪಿಗೊಂದು ಮೂಲೆ, ಕೋಸಂಬರಿಗೊಂದು ಜಾಗ, ಉಪ್ಪಿನಕಾಯಿಯ ಕೆಂಪು, ಪಲ್ಯದ ಹಸುರು, ಕೆಳಗೆ ಬಲಕ್ಕೆ ಪಾಯಸದ ಒಂದು ತೊಟ್ಟು. ಯಾವುದು ಎಲ್ಲಿ ಎಂಬುದು ಕೈಯ ಅನುಕೂಲದಿಂದ ಹುಟ್ಟಿದ ಕ್ರಮ. ಕಣ್ಣಿಗೆ ಚೆಂದ ಕಂಡದ್ದು ಅದರ ಬಡ್ಡಿ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ‘ಅನ್ನಭೋಗ’ ಎಂದು ಊಟಕ್ಕೇ ಒಂದು ಭಾಗ ಮೀಸಲಿಟ್ಟ. ರಾಜ್ಯ ಆಳುವವನು ಸಾರು ಪಲ್ಯಗಳ ಬಗ್ಗೆ ಬರೆಯಲು ನಾಚಿಕೆಪಟ್ಟುಕೊಳ್ಳಲಿಲ್ಲ.

ಹೂವಿಗೆ ಮಾತ್ರ ಎಲೆಯ ಮೇಲೆ ಜಾಗವಿರಲಿಲ್ಲ. ಹೂವು ದೇವರಿಗೆ, ಮುಡಿಗೆ, ಹೊಸ್ತಿಲಿಗೆ. ಧನುರ್ಮಾಸದ ಚಳಿಯಲ್ಲಿ ನಮ್ಮ ಅಮ್ಮ ಬೆಳಗಿನ ಜಾವ ಬಾಗಿಲಿಗೆ ನೀರು ಹಾಕಿ, ರಂಗೋಲಿಯ ನಡುವೆ ಸಗಣಿಯ ಬೆನಕನನ್ನು ಕೂರಿಸಿ, ಅವನ ನೆತ್ತಿಗೆ ಒಂದು ಕುಂಬಳದ ಹೂ ಸಿಕ್ಕಿಸುತ್ತಿದ್ದರು. ಹೂದಾನಿಗೆ ಖರ್ಚಿಲ್ಲ, ಹೂವಿಗೆ ಖರ್ಚಿಲ್ಲ. ಆ ಹಳದಿಯನ್ನು ಮೀರಿಸುವ ಹೂಜೋಡಣೆಯನ್ನು ನಾನು ಇನ್ನೂ ನೋಡಿಲ್ಲ.

ನೋಡಿಲ್ಲ ಎನ್ನುವುದು ಉಡಾಫೆಯ ಮಾತಲ್ಲ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಮದುವೆಯಾದಾಗಿನಿಂದ ಹೋಗುತ್ತಿದ್ದೇನೆ. 1912ರಲ್ಲಿ ಹುಟ್ಟಿದ ಉದ್ಯಾನ ಕಲಾ ಸಂಘ ಅಲ್ಲಿ ಸ್ಪರ್ಧೆಗಳನ್ನು ನಡೆಸುತ್ತದೆ: ಇಕೆಬಾನ, ಪುಷ್ಪಭಾರತಿ, ತರಕಾರಿ ಕೆತ್ತನೆ, ಬೋನ್ಸಾಯ್. ಅಲ್ಲಿಯ ಇಕೆಬಾನದ ಮುಂದೆ ನಿಂತು ಮೂರು ಕಡ್ಡಿ ಎರಡು ಹೂವಿನಲ್ಲಿ ಇಷ್ಟೆಲ್ಲ ಹೇಳಬಹುದೇ ಎಂದು ಬೆರಗಾದವಳು ನಾನು. ಆದರೆ ಒಂದು ಮಾತು. ಜಪಾನಿನ ಮನೆಯಲ್ಲಿ ಇಕೆಬಾನಕ್ಕೆ ಗೋಡೆಯಲ್ಲಿ ಅದರದೇ ಒಂದು ಗೂಡು ಇರುತ್ತದೆ. ಅದರ ಮುಂದೆ ಕುಳಿತು ನೋಡಬೇಕು. ಅನ್ನದ ಬಟ್ಟಲ ಪಕ್ಕದಲ್ಲಿ ಇಡಲೆಂದು ಬೆಳೆದ ಕಲೆ ಅದಲ್ಲ. ನಾವು ಅದನ್ನು ತಂದು ಸಾರಿನ ಪಾತ್ರೆಗೂ ಹಪ್ಪಳದ ಡಬ್ಬಕ್ಕೂ ನಡುವೆ ಸಿಕ್ಕಿಸಿ, ಸಾರು ಬಡಿಸುವವರ ಮೊಣಕೈಗೆ ತಗುಲಿ ಉರುಳಿದಾಗ ಮಕ್ಕಳನ್ನು ಬಯ್ಯುತ್ತೇವೆ.

ಹೂವಿಗೆ ಕಾಲವೆಂಬುದೂ ಒಂದಿದೆ. ಸೇವಂತಿಗೆ ಮಾಗಿಯ ಹೂವು ಎನ್ನುವುದು ಬರಿಯ ವಾಡಿಕೆಯ ಮಾತಲ್ಲ. ಆ ಗಿಡ ರಾತ್ರಿಯ ಉದ್ದವನ್ನು ಅಳೆಯುತ್ತದೆ. ರಾತ್ರಿ ಉದ್ದವಾದಾಗ ಮೊಗ್ಗು ಕಟ್ಟುತ್ತದೆ. ಈ ಗುಟ್ಟು ತಿಳಿದ ರೈತರು ಈಗ ಹೊಲದ ತುಂಬ ದೀಪ ಕಟ್ಟಿ ರಾತ್ರಿಯನ್ನು ತುಂಡರಿಸುತ್ತಾರೆ. ಗಿಡ ಇನ್ನೂ ಬೇಸಿಗೆ ಎಂದು ನಂಬಿ ಮೊಗ್ಗನ್ನು ಮುಂದೂಡುತ್ತದೆ. ಬೆಲೆ ಬರುವ ಹೊತ್ತಿಗೆ ದೀಪ ಆರಿಸಿದರೆ ಆಯಿತು. ರಾತ್ರಿ ಚಿಕ್ಕಬಳ್ಳಾಪುರದ ಕಡೆಯಿಂದ ಬಸ್ಸಿನಲ್ಲಿ ಬರುವಾಗ ದೀಪಾವಳಿ ಮುಗಿಯದ ಹೊಲಗಳನ್ನು ನೀವೂ ನೋಡಿರಬಹುದು. ರೈತನ ಹೊಟ್ಟೆಪಾಡಿನ ಜಾಣತನ ಅದು, ನನ್ನ ತಕರಾರಿಲ್ಲ. ಗುಲಾಬಿ ಜರ್ಬೆರಾಗಳಿಗಂತೂ ಈಗ ಪಾಲಿಹೌಸುಗಳಿವೆ, ಅವುಗಳನ್ನು ಮಾರಲು ಹೆಬ್ಬಾಳದಲ್ಲಿ ಹರಾಜು ಕೇಂದ್ರ ಹುಟ್ಟಿಕೊಂಡಿತು. ಕೊಂಡರೆ ಬೇಡವೆನ್ನುವವರು ಯಾರು? ಆದರೆ ಸ್ಪರ್ಧೆಯ ಹೆಸರಿನಲ್ಲೇ ‘ಚಳಿಗಾಲದ ವಿಶೇಷ’ ಎಂದಿತ್ತು. ಏಳರಲ್ಲಿ ಐದು ಮೇಜಿನ ಮೇಲಿದ್ದದ್ದು ಹನ್ನೆರಡು ತಿಂಗಳೂ ಸಿಗುವ ಹೂವು. ಕಿಟಕಿಯಾಚೆ ರಸ್ತೆಯ ಮೇಲೆ ಆಕಾಶಮಲ್ಲಿಗೆ ಉದುರಿ ಬಿದ್ದಿತ್ತು, ಬಂದವರು ತುಳಿದುಕೊಂಡು ಒಳಗೆ ಬಂದಿದ್ದರು.

ಹೀಗಾಗಿ ಮೇಜಿನ ಹೂವಿಗೆ ನಾನು ಮೂರೇ ಪ್ರಶ್ನೆ ಕೇಳುತ್ತೇನೆ. ಎದುರಿಗಿರುವವರ ಮುಖ ಕಾಣುತ್ತದೆಯೇ? ಸುಗಂಧರಾಜದ ವಾಸನೆ ಹುಳಿಯ ಒಗ್ಗರಣೆಯೊಂದಿಗೆ ಜಗಳಕ್ಕೆ ನಿಲ್ಲುತ್ತದೆಯೇ? ಈ ಹೂವು ಈ ತಿಂಗಳಿನದೇ? ಮೊದಲ ಬಹುಮಾನದ ಮೇಜು ಮೂರರಲ್ಲಿ ಎರಡಕ್ಕೆ ಸೋತಿತ್ತು. ಅಂಗಡಿಯ ಗುಲಾಬಿಗೆ ವಾಸನೆಯೇ ಇರಲಿಲ್ಲವಾಗಿ ಒಂದರಲ್ಲಿ ಗೆದ್ದಿತ್ತು.

ಇನ್ನು ಪಾತ್ರೆಗಳು. ನಮ್ಮ ಮಧ್ಯಮವರ್ಗದ ಮನೆಗಳಲ್ಲಿ ಡಿನ್ನರ್ ಸೆಟ್ಟಿನ ಆಯುಷ್ಯವೆಲ್ಲ ಕಳೆಯುವುದು ಷೋಕೇಸಿನಲ್ಲಿ. ಮದುವೆಯಲ್ಲಿ ಉಡುಗೊರೆಯಾಗಿ ಬಂದದ್ದು, ಬೀಗರು ಬಂದಾಗ ಒಮ್ಮೆ ಹೊರಗೆ ಬಂದದ್ದು, ಒಂದು ಬಟ್ಟಲು ಒಡೆದದ್ದೇ ‘ಸೆಟ್ಟು ಕೆಟ್ಟಿತು’ ಎಂದು ಶಾಶ್ವತವಾಗಿ ಗಾಜಿನ ಹಿಂದೆ ಹೋದದ್ದು. ಹಾಗೆ ನೋಡಿದರೆ ಪಿಂಗಾಣಿ ನಮ್ಮ ಮನೆಗಳ ಒಳಗೆ ಬಂದದ್ದೇ ತಡವಾಗಿ. ನಾನು ಮದುವೆಯಾಗಿ ಬಂದ ಮನೆ ಯಶವಂತಪುರದಲ್ಲಿತ್ತು. ಒಂದು ದಿಕ್ಕಿಗೆ 1957ರಲ್ಲಿ ಅಲ್ಲಿಗೆ ಬಂದ ಸರ್ಕಾರಿ ಸಾಬೂನು ಕಾರ್ಖಾನೆ; ಗಾಳಿ ಬೀಸಿದರೆ ಬೀದಿಯೆಲ್ಲ ಗಂಧ. ಇನ್ನೊಂದು ದಿಕ್ಕಿಗೆ, ಟಾಟಾ ಇನ್‌ಸ್ಟಿಟ್ಯೂಟಿನ ಹತ್ತಿರ, ಮೈಸೂರು ಸಂಸ್ಥಾನದವರು 1930ರ ದಶಕದಲ್ಲಿ ಕಟ್ಟಿದ ಪಿಂಗಾಣಿ ಕಾರ್ಖಾನೆ. 1976ರಲ್ಲಿ ಅದು ಬಿ.ಎಚ್.ಇ.ಎಲ್.ಗೆ ಸೇರಿತು. ವಿದ್ಯುತ್ ಕಂಬಗಳ ತುದಿಯಲ್ಲಿ ತಂತಿ ಹಿಡಿದು ಕೂರುವ ಪಿಂಗಾಣಿ ಇನ್ಸುಲೇಟರುಗಳನ್ನು ಮಾಡಿದ ಕಾರ್ಖಾನೆ ಅದು. ಕೂಗಳತೆಯಲ್ಲಿ ಪಿಂಗಾಣಿ ಕಾರ್ಖಾನೆ ಇದ್ದೂ ನಮ್ಮ ಅತ್ತೆ ಅಡುಗೆಮನೆಗೆ ಪಿಂಗಾಣಿ ಸೇರಿಸಿದವರಲ್ಲ. ‘ಮಣ್ಣೋ ಮೂಳೆಯೋ, ಹುಣಸೇಹಣ್ಣು ಹಾಕಿ ಬೆಳಗಿದರೂ ಮಡಿಯಾಗದು’ ಎನ್ನುತ್ತಿದ್ದರು. ಆ ಪಿಂಗಾಣಿ ಹಿಡಿದ ತಂತಿಯ ಮೂಲಕ ಹಾದು ಬಂದ ವಿದ್ಯುತ್ತಿಗೆ ಮಾತ್ರ ಮೈಲಿಗೆ ಇರಲಿಲ್ಲ. ದೇವರ ಮನೆಯಲ್ಲೂ ಬಲ್ಬು ಉರಿಯುತ್ತಿತ್ತು.

ಆಮೇಲೆ ಸ್ಟೀಲು ಬಂತು. ಕಲಾಯಿ ಬೇಡ, ಹುಣಸೇಹಣ್ಣು ಬೇಡ, ತೊಳೆದರೆ ಫಳಫಳ. ಹಿತ್ತಾಳೆಯ ಕೊಳಗ, ಕಂಚಿನ ತಟ್ಟೆಗಳು ತೂಕಕ್ಕೆ ಹೋದವು. ಅವುಗಳಲ್ಲಿ ಹೋಗದೆ ಉಳಿದ ಕೆಲವನ್ನೇ ಇವತ್ತು ನನ್ನ ‘ಸಂಗ್ರಹ’ ಎಂದು ಜನ ಕರೆಯುವುದು. ಈಗ ಚಕ್ರ ತಿರುಗಿದೆ. ಹೋಟೆಲುಗಳ ಮುಂಬಾಗಿಲಲ್ಲಿ ಕೇರಳದ ಉರುಳಿಯಲ್ಲಿ ನೀರು ತುಂಬಿ ಗುಲಾಬಿ ಪಕಳೆ ತೇಲಿಬಿಡುತ್ತಾರೆ. ನಮ್ಮ ನೀರೊಲೆಯ ಹಂಡೆಯಲ್ಲಿ ಮನಿಪ್ಲಾಂಟು ಬೆಳೆಯುತ್ತದೆ. ಪಾಯಸ ಕಾಯಿಸಬೇಕಾದ ಉರುಳಿಗೆ ಬೆಂಕಿಯ ಮುಖ ಮರೆತುಹೋಗಿದೆ. ಪಾತ್ರೆಗೆ ವಯಸ್ಸಾದ ಕೂಡಲೇ ಕೆಲಸದಿಂದ ಬಿಡಿಸಿ ಹಾರ ಹಾಕಿ ಕೂರಿಸುವುದು ನಮ್ಮ ಹೊಸ ಪದ್ಧತಿ. ಮನುಷ್ಯರಿಗೂ ಅದನ್ನೇ ಮಾಡುತ್ತೇವಲ್ಲ!

ಏಳನೆಯ ಮೇಜಿನದು ಒಬ್ಬ ಹೈಸ್ಕೂಲು ಟೀಚರು. ಅವರು ಬಟ್ಟೆ ಹಾಸಿರಲಿಲ್ಲ. ನಡುವೆ ಅಗಲವಾದ ಕಂಚಿನ ಬೋಗುಣಿ, ಅದರಲ್ಲಿ ನೀರು, ನೀರಿನ ಮೇಲೆ ದಾರಿಯಲ್ಲಿ ಆರಿಸಿದ ಆಕಾಶಮಲ್ಲಿಗೆ. ಪಕ್ಕದಲ್ಲಿ ಬಿದಿರಿನ ಮೊರದ ತುಂಬ ಸೊಗಡಿನ ಅವರೆಕಾಯಿ. ತಟ್ಟೆ ನಾಲ್ಕು, ನಾಲ್ಕೂ ಬೇರೆ ಬೇರೆ: ಒಂದು ಕಂಚು, ಒಂದು ಸ್ಟೀಲು, ಒಂದು ಹೂಬಳ್ಳಿಯ ಪಿಂಗಾಣಿ, ಒಂದು ಅಡಕೆ ಹಾಳೆಯದು. ಮುಚ್ಚಿದ ಪಾತ್ರೆಯೊಂದರಲ್ಲಿ ಹಿತಕಿದಬೇಳೆ ಸಾರು ಹಬೆಯಾಡುತ್ತಿತ್ತು. ‘ಸುಮ್ಮನೆ ನೋಡಿ ಹೋಗಬೇಡಿ ಮೇಡಂ, ಒಂದು ತುತ್ತು ತಿನ್ನಿ’ ಎಂದರು. ತಿಂದೆವು. ಮೇಷ್ಟರು ಎರಡು ಸಲ ಹಾಕಿಸಿಕೊಂಡರು. ಆಮೇಲೆ ಸಮತೋಲಕ್ಕೆ ಎಂಟು, ಬಣ್ಣದ ಹೊಂದಾಣಿಕೆಗೆ ಹತ್ತು ಬರೆದೆವು.

ಟೀಚರ ಮೇಜಿಗೂ ದೋಷವಿತ್ತು; ವಿಮರ್ಶೆ ಎಂದ ಮೇಲೆ ಹೇಳಲೇಬೇಕು. ಪ್ರತಿ ತಟ್ಟೆಯ ಮುಂದೆಯೂ ಒಂದು ಚೀಟಿ: ‘ಅಜ್ಜಿಯದು’, ‘ಅಮ್ಮನ ಮದುವೆಯದು’, ‘ಅಪ್ಪ ಜಾತ್ರೆಯಲ್ಲಿ ತಂದದ್ದು’. ಪಾತ್ರೆ ತನ್ನ ಕತೆಯನ್ನು ಉಣ್ಣುವವರ ಕೈಯಲ್ಲಿ ಹೇಳಬೇಕು, ಚೀಟಿಯಲ್ಲಲ್ಲ. ಚೀಟಿ ಬಿದ್ದ ಮೇಲೆ ಮೇಜು ವಸ್ತುಸಂಗ್ರಹಾಲಯವಾಗುತ್ತದೆ, ಅಲ್ಲಿ ಉಗುರು ತಾಗಿಸಲೂ ಭಯ. ಹಾಗಿದ್ದರೂ ಏಳು ಮೇಜುಗಳಲ್ಲಿ ಹಸಿವಾದವನು ಕುಳಿತುಕೊಳ್ಳಬಹುದಾದದ್ದು ಅದೊಂದೇ. ಅದಕ್ಕೆ ಬಹುಮಾನ ಕೊಡದೆ ಬಂದೆನಲ್ಲ ಎಂಬುದು ನನ್ನ ಕೊರಗು.

ಕೊರಗು ಇಷ್ಟಕ್ಕೇ ನಿಂತಿದ್ದರೆ ಬರೆಯುವ ಅಗತ್ಯವಿರಲಿಲ್ಲ.

ಸಂಕ್ರಾಂತಿ ಹತ್ತಿರ ಬಂದಾಗ ನನ್ನ ಸೊಸೆಗೆ ಈ ಕತೆ ಹೇಳಿದೆ. ಅವಳಿಗೆ ಹುಮ್ಮಸ್ಸು ಬಂತು. ‘ಈ ಸಲ ನಮ್ಮ ಮೇಜಿಗೆ ಅಟ್ಟದ ಮೇಲಿರೋದನ್ನೆಲ್ಲ ಇಳಿಸೋಣ ಅತ್ತೆ’ ಎಂದು ಏಣಿ ಹಾಕಿದಳು. ಯಶವಂತಪುರದ ಮನೆ ಬಿಟ್ಟಾಗ ಕಟ್ಟಿದ ಗೋಣಿಚೀಲ ಅದುವರೆಗೂ ಬಿಚ್ಚಿರಲಿಲ್ಲ. ಅದರಿಂದ ಪಂಚಪಾತ್ರೆ, ಗಿಂಡಿ, ಎರಡು ಚೊಂಬು ಬಂದವು. ಕೊನೆಗೆ ಒಂದು ತಟ್ಟೆ, ಒಂದು ಲೋಟ. ತಗಡಿನ ಮೇಲೆ ಬಿಳಿಯ ಎನಾಮಲ್, ಅಂಚಿಗೆ ನೀಲಿ ಗೆರೆ, ಅಲ್ಲಲ್ಲಿ ಚಕ್ಕೆ ಎದ್ದು ಕಪ್ಪು ಕಾಣುತ್ತಿತ್ತು. ನಮ್ಮಲ್ಲಿ ಅದನ್ನೂ ಪಿಂಗಾಣಿ ತಟ್ಟೆ ಎಂದೇ ಕರೆಯುತ್ತಿದ್ದರು. ಸೊಸೆ ಅದನ್ನು ಸೆರಗಿನಲ್ಲಿ ಒರೆಸಿ ಬೆಳಕಿಗೆ ಹಿಡಿದಳು. ‘ಇಂಥದಕ್ಕೆ ಈಗ ಅಂಗಡೀಲಿ ಎಷ್ಟು ಬೆಲೆ ಗೊತ್ತಾ ಅತ್ತೆ? ಎಲ್ಲಕ್ಕಿಂತ ಇದೇ ಚೆನ್ನಾಗಿದೆ. ಇದು ಯಾರದು?’

ನಿಜ, ಎಲ್ಲಕ್ಕಿಂತ ಅದೇ ಚೆನ್ನಾಗಿತ್ತು.

ಅದು ನಮ್ಮ ಮನೆಗೆ ಪಾತ್ರೆ ತೊಳೆಯಲು ಬರುತ್ತಿದ್ದಾಕೆಯದು. ಅವಳದು ಎಂದರೆ ಅವಳು ಕೊಂಡದ್ದಲ್ಲ, ಅವಳಿಗೆಂದು ಬೇರೆ ಇಟ್ಟದ್ದು. ಹಿತ್ತಲಲ್ಲಿ ಒಗೆಯುವ ಕಲ್ಲಿನ ಪಕ್ಕದ ಗೋಡೆಯಲ್ಲಿ ಒಂದು ಗೂಡು ಇತ್ತು, ಅಲ್ಲಿ ಅದರ ಜಾಗ. ಬೆಳಿಗ್ಗೆ ಮಿಕ್ಕ ತಿಂಡಿಯನ್ನು ಅತ್ತೆ ಮೇಲಿನಿಂದ ಅದಕ್ಕೆ ಹಾಕುತ್ತಿದ್ದರು, ಕಾಫಿಯನ್ನು ಮೇಲಿನಿಂದ ಆ ಲೋಟಕ್ಕೆ ಸುರಿಯುತ್ತಿದ್ದರು. ಅವಳು ಕಲ್ಲಿನ ಮೇಲೆ ಕುಳಿತು ತಿಂದು, ತೊಳೆದು, ತಾನೇ ಗೂಡಿನಲ್ಲಿ ಕವುಚಿಟ್ಟು ಹೋಗುತ್ತಿದ್ದಳು. ನಮ್ಮ ಮನೆಯ ಅಷ್ಟೂ ಪಾತ್ರೆಗಳನ್ನು ಅವಳು ಮುಟ್ಟಿ ತೊಳೆಯಬಹುದಿತ್ತು. ಅವುಗಳಲ್ಲಿ ಒಂದರಲ್ಲೂ ಉಣ್ಣುವಂತಿರಲಿಲ್ಲ. ಮಡಿಯಾಗದ ಪಿಂಗಾಣಿ ನಮ್ಮ ಮನೆಯ ಕಾಂಪೌಂಡಿನೊಳಗೆ ಬಂದದ್ದು ಹೀಗೆ.

ಅತ್ತೆಯ ಕಾಲದ ಪದ್ಧತಿ ಎಂದು ಹೇಳಿ ನಾನು ಪಾರಾಗಬಹುದು. ಅತ್ತೆ ತೀರಿಕೊಂಡದ್ದು 1981ರಲ್ಲಿ. ಆ ತಟ್ಟೆ ಗೂಡಿನಲ್ಲೇ ಇದ್ದದ್ದು ನಾವು ಮನೆ ಬಿಟ್ಟ 1987ರವರೆಗೆ. ನಡುವಿನ ಆರು ವರ್ಷ ಆ ಮನೆಯ ಯಜಮಾನಿ ನಾನು. ಆಗ ನಾನು ಲಾಲ್‌ಬಾಗಿನಲ್ಲಿ ಇಕೆಬಾನ ನೋಡಿ ಬೆರಗಾಗುತ್ತಿದ್ದೆ.

ಜಪಾನಿನಲ್ಲಿ ಯಾನಾಗಿ ಸೋಯೆತ್ಸು ಎಂಬ ಚಿಂತಕನಿದ್ದ. ದಿನಬಳಕೆಯ ಸಾಮಾನ್ಯ ಪಾತ್ರೆಗಳಲ್ಲೇ ನಿಜವಾದ ಚೆಲುವು ಇದೆ ಎಂದು ಸಾರಿ, 1936ರಲ್ಲಿ ಟೋಕಿಯೋದಲ್ಲಿ ಅಂಥ ಜನಪದ ವಸ್ತುಗಳಿಗೇ ಒಂದು ಸಂಗ್ರಹಾಲಯ ತೆರೆದ. ಹೆಸರಿಲ್ಲದ ಕುಂಬಾರರು ಮಾಡಿದ್ದು, ಬಳಸಿ ಬಳಸಿ ಸವೆದದ್ದು ಅವನಿಗೆ ದೊಡ್ಡದು. ನನಗೂ ಆ ಮಾತು ಬಹಳ ವರ್ಷಗಳಿಂದ ಮೆಚ್ಚುಗೆಯದೇ. ಆದರೆ ಬಳಕೆಯಿಂದ ಚೆಲುವು ಬರುತ್ತದೆ ಎಂದರೆ ಸಾಲದು ಎಂದು ಆ ತಟ್ಟೆ ನನಗೆ ಹೇಳಿತು. ಅದೂ ಬಳಸಿ ಬಳಸಿ ಸವೆದದ್ದೇ. ಯಾರು ಬಳಸಿದರು, ಎಲ್ಲಿ ಕುಳಿತು ಬಳಸಿದರು, ಬೇರೆ ಯಾವುದನ್ನು ಬಳಸಲು ಅವರಿಗೆ ಬಿಡಲಿಲ್ಲ ಎಂಬುದನ್ನೂ ಕೇಳಬೇಕು. ನನ್ನ ಪಾತ್ರೆಗಳ ಸಂಗ್ರಹದ ಬಗ್ಗೆ ಮೆಚ್ಚಿ ಮಾತಾಡಿದ ಯಾರೂ ಅದನ್ನು ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ಸೊಸೆಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದರೆ ಇದನ್ನೇ ಮೇಜಿನ ನಡುವೆ ಇಟ್ಟು ಸೇವಂತಿಗೆ ತುಂಬೋಣ. ಮರ್ಯಾದೆ ಕೊಟ್ಟ ಹಾಗಾಗುತ್ತೆ’ ಎಂದಳು. ಬೇಡ ಎಂದೆ. ತಟ್ಟೆಗೆ ಮರ್ಯಾದೆ ಕೊಟ್ಟರೆ ಅದರಲ್ಲಿ ಉಂಡವಳಿಗೆ ಏನು ಬಂತು? ಹಂಡೆಯಲ್ಲಿ ಮನಿಪ್ಲಾಂಟು ನೆಟ್ಟವರಿಗೂ ನಮಗೂ ಆಗ ವ್ಯತ್ಯಾಸವಿರುವುದಿಲ್ಲ. ನಮ್ಮ ತಪ್ಪನ್ನೂ ಒಂದು ಅಲಂಕಾರ ಮಾಡಿಕೊಂಡಂತೆ ಆಗುತ್ತದೆ. ತಟ್ಟೆ ಲೋಟಗಳನ್ನು ತೊಳೆದು ನಾವು ದಿನಾ ಉಣ್ಣುವ ತಟ್ಟೆಗಳ ಸ್ಟ್ಯಾಂಡಿನಲ್ಲಿ ಇಟ್ಟೆವು. ಯಾರ ಕೈಗೆ ಸಿಗುತ್ತದೋ ಅವರು ಬಳಸುವುದು. ಮೊಮ್ಮಗನಿಗೆ ಆ ನೀಲಿ ಗೆರೆ ಇಷ್ಟವಾಗಿ ಈಗ ಅದು ಅವನದೇ ಆಗಿದೆ.

ಆದರೆ ಈಗ ನಮ್ಮ ಮನೆಗೆ ಕೆಲಸಕ್ಕೆ ಬರುವವಳು ಎಲ್ಲಿ ಕುಳಿತು ತಿನ್ನುತ್ತಾಳೆ? ಸೊಸೆಯೇ ಕೇಳಿದ ಪ್ರಶ್ನೆ ಇದು. ನಮ್ಮಲ್ಲಿ ಬೇರೆ ತಟ್ಟೆ ಇಲ್ಲ ಎಂಬ ಜಂಬ ನನಗಿತ್ತು. ಆಕೆ ಸಿಕ್ಕ ತಟ್ಟೆಯಲ್ಲೇ ಹಾಕಿಕೊಂಡು ಹಿತ್ತಲ ಮೆಟ್ಟಿಲ ಮೇಲೆ ಕುಳಿತು ತಿನ್ನುತ್ತಾಳೆ. ‘ಅವಳಿಗೆ ಅಲ್ಲೇ ಆರಾಮ’ ಎಂದು ನಾವು ಅಂದುಕೊಂಡಿದ್ದೆವು. ಕೇಳಿರಲಿಲ್ಲ.

ಸಂಕ್ರಾಂತಿಯ ದಿನ ಮೇಜಿನ ಮೇಲೆ ಎಳ್ಳುಬೆಲ್ಲದ ತಟ್ಟೆ, ಸಕ್ಕರೆ ಅಚ್ಚು, ಕಬ್ಬಿನ ತುಂಡುಗಳು, ಪೊಂಗಲ್ ಪಾತ್ರೆ. ನಡುವೆ ನನ್ನ ಗಿಂಡಿಯಲ್ಲಿ ಹಿತ್ತಲ ಹಳದಿ ಸೇವಂತಿಗೆ. ದೀಪ ಕಟ್ಟದೆ ತಾನಾಗಿ ಅರಳಿದ್ದು. ನನ್ನ ಮೂರೂ ಪ್ರಶ್ನೆಗಳಿಗೆ ಉತ್ತರ ಕೊಡುವಂತೆ ದಂಟು ಕತ್ತರಿಸಿ ಜೋಡಿಸಿದ್ದೆ. ಹತ್ತು ಗಂಟೆಗೆ ಕೆಲಸ ಮುಗಿಸಿದವಳನ್ನು ಮೇಜಿಗೆ ಕರೆದೆ. ‘ಐ, ಇಲ್ಲೇ ಕೊಡಿ ಅಮ್ಮಾ’ ಎಂದಳು. ಇನ್ನೊಮ್ಮೆ ಕರೆದ ಮೇಲೆ ಕೈ ಒರೆಸಿಕೊಂಡು ಬಂದು ಕುಳಿತಳು. ಕುಳಿತವಳು ಮೊದಲು ಮಾಡಿದ ಕೆಲಸ, ನನ್ನ ಗಿಂಡಿಯನ್ನು ಎರಡು ಕೈಯಿಂದ ಎತ್ತಿ ಕಿಟಕಿಯ ಮೇಲೆ ಇಟ್ಟದ್ದು. ‘ಬಡಿಸಕ್ಕೆ ಅಡ್ಡ ಬತ್ತೈತೆ’ ಎಂದಳು. ಪೊಂಗಲ್ ಪಾತ್ರೆ ಗಿಂಡಿಯಿದ್ದ ಜಾಗಕ್ಕೆ ಬಂತು. ಎಲ್ಲರ ಕೈಗೂ ಎಟುಕಿತು.

ಇದನ್ನು ಬರೆದು ಅಂಕ ಗಿಟ್ಟಿಸುವ ಆಸೆ ನನಗಿಲ್ಲ. ಆಮೇಲೆ ಅವಳು ಮೇಜಿನಲ್ಲಿ ಕುಳಿತದ್ದು ಎರಡೇ ಸಲ. ಉಳಿದ ದಿನ ಮುಂದಿನ ಮನೆಗೆ ಹೊತ್ತಾಗುತ್ತದೆಂದು ನಿಂತೇ ಕಾಫಿ ಕುಡಿದು ಓಡುತ್ತಾಳೆ. ಆರು ವರ್ಷ ಗೂಡಿನಲ್ಲಿದ್ದ ತಟ್ಟೆಯ ಲೆಕ್ಕ ಇದರಿಂದ ಚುಕ್ತಾ ಆಗುವುದೂ ಇಲ್ಲ.

ಮುಂದಿನ ಡಿಸೆಂಬರಿಗೂ ಸ್ಪರ್ಧೆ ಇದೆಯಂತೆ. ತೀರ್ಪಿಗೆ ಮತ್ತೆ ಕರೆದಿದ್ದಾರೆ. ಅಂಕಪಟ್ಟಿಯನ್ನು ಸ್ವಲ್ಪ ತಿದ್ದಿದರೆ ಬರುತ್ತೇನೆ ಎಂದು ಹೇಳಿ ಕಳಿಸಿದ್ದೇನೆ. ಬಣ್ಣಕ್ಕೆ, ಸಮತೋಲಕ್ಕೆ, ಹೊಸತನಕ್ಕೆ, ಅಚ್ಚುಕಟ್ಟಿಗೆ ಹತ್ತು ಹತ್ತು ಇರಲಿ. ಇಪ್ಪತ್ತು ಊಟಕ್ಕೆ. ಉಳಿದ ನಲವತ್ತನ್ನು, ಭವನದ ಕಸ ಗುಡಿಸಿ ಮೇಜು ಜೋಡಿಸಿದವರನ್ನು ಒಬ್ಬೊಬ್ಬರಾಗಿ ಒಂದೊಂದು ಮೇಜಿಗೆ ಕೂರಿಸಿ, ಅವರು ಉಂಡೆದ್ದ ಮೇಲೆ ಅವರಿಂದಲೇ ಹಾಕಿಸಬೇಕು. ಉತ್ತರ ಇನ್ನೂ ಬಂದಿಲ್ಲ.